ಕತ್ತಲಾದರೆ ಯಂತ್ರ ಏನೆಂದು ತಿಳಿಯುತ್ತದೆ?

ಪುಣೆಯ ಕಾರು, ಬೈಕು ಕಂಪನಿಗಳ ಹೆಸರು ಎಲ್ಲರ ಬಾಯಲ್ಲೂ ಇದೆ. ಆ ಕಾರು, ಬೈಕುಗಳಿಗೆ ಬೇಕಾದ ಬ್ರಾಕೆಟ್, ವಾಷರ್, ಕ್ಲಾಂಪ್‌ಗಳನ್ನು ತಗಡಿನಿಂದ ಒತ್ತಿ ಕೊಡುವುದು ಭೋಸರಿ, ಚಾಕಣ್ ಕಡೆಯ ಸಣ್ಣ ಪ್ರೆಸ್ ಶಾಪ್‌ಗಳು. ಪವರ್ ಪ್ರೆಸ್‌ನ ಕೆಲಸ ನೋಡಲು ಸರಳ: ತಗಡಿನ ತುಂಡನ್ನು ಡೈ ಮೇಲೆ ಇಡು, ಪೆಡಲ್ ತುಳಿ, ಪೀಸ್ ತೆಗೆ, ಇನ್ನೊಂದು ಇಡು. ನಿಮಿಷಕ್ಕೆ 60 ಹೊಡೆತದ ಪ್ರೆಸ್ಸಾದರೆ ಮೇಲಿನ ರ್‍ಯಾಮ್ ಕೆಳಗಿಳಿಯಲು ಹಿಡಿಯುವುದು ಅರ್ಧ ಸೆಕೆಂಡು. ಆ ಹೊತ್ತಿನಲ್ಲಿ ಕೈ ಒಳಗಿದ್ದರೆ ಬೆರಳು ಹೋಯಿತೆಂದೇ ಲೆಕ್ಕ. ವಾಹನ ಬಿಡಿಭಾಗಗಳ ಉದ್ಯಮದಲ್ಲಿ ಗಾಯಗೊಂಡ ಕಾರ್ಮಿಕರ ಬಗ್ಗೆ 2019ರಿಂದ ವರದಿ ಹೊರತರುತ್ತಿರುವ ಸೇಫ್ ಇನ್ ಇಂಡಿಯಾ ಸಂಸ್ಥೆ ಮತ್ತೆ ಮತ್ತೆ ಬೊಟ್ಟು ಮಾಡುವುದು ಈ ಪವರ್ ಪ್ರೆಸ್ ಕಡೆಗೇ. ಪರಿಹಾರವೆಂದು ಮೊದಲು ಕೇಳಿಬರುವ ಮಾತು ‘ಒಂದು ಸೆನ್ಸರ್ ಹಾಕಿಸಿಬಿಡಿ’. ಹಾಕಿಸುವವರು ವಿಚಾರಿಸುವುದು ಅದರ ಬೆಲೆ ಮತ್ತು ಅದು ಎಷ್ಟು ದೂರ ನೋಡುತ್ತದೆ ಎಂಬುದನ್ನು. ಅದಕ್ಕೂ ಮೊದಲು ಕೇಳಬೇಕಾದ ಪ್ರಶ್ನೆಯೊಂದಿದೆ: ಸೆನ್ಸರ್‌ನ ಕಣ್ಣಿಗೆ ಕತ್ತಲಾದಾಗ ಯಂತ್ರ ಅದನ್ನು ಏನೆಂದು ತಿಳಿಯುತ್ತದೆ?

ಬೆಳಕಿನ ಸೆನ್ಸರ್‌ನೊಳಗೆ ಮುಖ್ಯವಾಗಿ ಇರುವುದು ಎರಡು ಅಂಗ: ಬೆಳಕು ಬಿಡುವ ಎಲ್‌ಇಡಿ, ಬೆಳಕು ಬಿದ್ದಾಗ ವಿದ್ಯುತ್ ಹರಿಸುವ ಫೋಟೊಡಯೋಡ್. ಬೆಳಕು ಎಲೆಕ್ಟ್ರಾನುಗಳನ್ನು ಕಿತ್ತು ಬಿಡಿಸುವ ಬಗೆಯನ್ನು ಐನ್‌ಸ್ಟೈನ್ 1905ರಲ್ಲಿ ವಿವರಿಸಿದ್ದು ಲೋಹಗಳ ವಿಷಯದಲ್ಲಿ. ಅಲ್ಲಿ ಎಲೆಕ್ಟ್ರಾನು ಹೊರಕ್ಕೇ ಚಿಮ್ಮುತ್ತದೆ. ಫೋಟೊಡಯೋಡ್‌ನಲ್ಲಿ ಅದು ಸಿಲಿಕಾನಿನ ಒಳಗೇ ಬಂಧ ಕಳಚಿಕೊಂಡು ಹರಿಯುತ್ತದೆ. ಶೆಡ್ಡಿನ ಟ್ಯೂಬ್‌ಲೈಟು, ಕಿಟಕಿಯ ಬಿಸಿಲು ಇದನ್ನು ಗಲಿಬಿಲಿಗೊಳಿಸುವುದಿಲ್ಲವೇ? ಎಲ್‌ಇಡಿ ಸೆಕೆಂಡಿಗೆ ಸಾವಿರಾರು ಸಲ ಮಿಟುಕುತ್ತದೆ, ಮತ್ತು ಫೋಟೊಡಯೋಡ್‌ನ ಹಿಂದಿನ ಸರ್ಕ್ಯೂಟು ಆ ತಾಳಕ್ಕೆ ಮಾತ್ರ ಕಿವಿಗೊಡುತ್ತದೆ. ಬಿಸಿಲಿಗೆ ತಾಳವಿಲ್ಲ, ಟ್ಯೂಬ್‌ಲೈಟಿನ ತಾಳವೇ ಬೇರೆ. ಸಂತೆಯ ಗದ್ದಲದ ನಡುವೆ ನಮ್ಮವರ ಶಿಳ್ಳೆ ಗುರುತು ಹಿಡಿದಂತೆ.

ಇದೇ ಎರಡು ಅಂಗಗಳನ್ನು ಜೋಡಿಸುವ ಮುಖ್ಯ ಬಗೆಗಳು ಮೂರು. ಎದುರುಬದುರು ಎರಡು ಕಂಬದಲ್ಲಿಟ್ಟರೆ ಅದು ಥ್ರೂ ಬೀಮ್. ನಡುವೆ ವಸ್ತು ಬಂದಾಗ ಬೆಳಕು ಕಡಿಯುತ್ತದೆ. ಎರಡನ್ನೂ ಒಂದೇ ಡಬ್ಬಿಯಲ್ಲಿಟ್ಟು ಎದುರಿಗೆ ರಿಫ್ಲೆಕ್ಟರ್ ಅಂಟಿಸಿದರೆ ರೆಟ್ರೊ. ಈ ರಿಫ್ಲೆಕ್ಟರ್ ಮನೆಯ ಕನ್ನಡಿಯಂಥದ್ದಲ್ಲ. ಕೋಣೆಯ ಮೂಲೆಯಂತೆ ಪರಸ್ಪರ ಲಂಬವಾಗಿ ನಿಂತ ಮೂರು ಮುಖಗಳ ಪುಟ್ಟ ಪುಟ್ಟ ಗೂಡುಗಳು ಅದರ ತುಂಬ ಇರುತ್ತವೆ. ಬೆಳಕು ಯಾವ ಕೋನದಿಂದ ಬಂದರೂ ಬಂದ ದಾರಿಯಲ್ಲೇ ವಾಪಸು ಹೋಗುತ್ತದೆ. ಅಪೋಲೊ 11 ಯಾತ್ರಿಗಳು 1969ರಲ್ಲಿ ಚಂದ್ರನ ಮೇಲೆ ಇಟ್ಟು ಬಂದದ್ದು, ಚಂದ್ರಯಾನ-3ರ ವಿಕ್ರಮ್ 2023ರಲ್ಲಿ ಹೊತ್ತೊಯ್ದದ್ದು ಇದೇ ತತ್ತ್ವದ ರಿಫ್ಲೆಕ್ಟರ್. ಹೊಳೆಯುವ ಕ್ರೋಮ್ ತಗಡು ತಾನೇ ರಿಫ್ಲೆಕ್ಟರ್ ಎಂದು ನಟಿಸದಂತೆ ಧ್ರುವೀಕರಣದ ಫಿಲ್ಟರ್ ಹಾಕುತ್ತಾರೆ: ಮೂಲೆಗೂಡಿನಿಂದ ಮರಳಿದ ಬೆಳಕಿನ ಕಂಪನದ ದಿಕ್ಕು ತಿರುಗಿರುತ್ತದೆ, ನುಣುಪು ತಗಡಿನಿಂದ ಮರಳಿದ್ದರಲ್ಲಿ ತಿರುಗಿರುವುದಿಲ್ಲ. ಮೂರನೆಯದು ಡಿಫ್ಯೂಸ್, ಅಂದರೆ ವಸ್ತುವಿನ ಮೈಯಿಂದಲೇ ಚೆದುರಿ ಬಂದ ಬೆಳಕನ್ನು ಹಿಡಿಯುವುದು. ಎದುರು ಕಂಬವೂ ಬೇಡ, ರಿಫ್ಲೆಕ್ಟರೂ ಬೇಡ, ವೈರಿಂಗ್ ಕಡಿಮೆ. ಆದರೆ ಅದರ ಮೇಲೆ ಬರೆದ ದೂರ ಬಿಳಿ ಕಾಗದವನ್ನು ಎದುರಿಟ್ಟು ಅಳೆದದ್ದು. ಕಪ್ಪು ರಬ್ಬರು ಬಿದ್ದ ಬೆಳಕಿನ ಬಹುಪಾಲನ್ನು ನುಂಗಿಬಿಡುವುದರಿಂದ, ಬಿಳಿ ಡಬ್ಬಿಯನ್ನು 30 ಸೆಂಟಿಮೀಟರ್ ದೂರದಲ್ಲಿ ಕಂಡ ಸೆನ್ಸರ್ ಅದೇ ಜಾಗದಲ್ಲಿಟ್ಟ ಟೈರನ್ನು ಕಾಣದೇ ಹೋಗಬಹುದು. ಬೆಳಕು ಎಷ್ಟು ಮರಳಿತು ಎಂಬುದನ್ನು ಬಿಟ್ಟು ಯಾವ ಕೋನದಲ್ಲಿ ಮರಳಿತು ಎಂದು ನೋಡುವ ಡಿಫ್ಯೂಸ್ ಸೆನ್ಸರ್‌ಗಳೂ ಇವೆ. ಬಣ್ಣದ ಕಾಟ ಅವುಗಳಿಗೆ ಕಡಿಮೆ.

ಈಗ ಕತ್ತಲಿನ ಪ್ರಶ್ನೆಗೆ ಬರೋಣ. ಥ್ರೂ ಬೀಮ್‌ನಲ್ಲಿ ಬೆಳಕು ತಲುಪಿದರೆ ‘ದಾರಿ ಖಾಲಿ’, ಕತ್ತಲಾದರೆ ‘ಏನೋ ಅಡ್ಡ ಇದೆ’. ಎಲ್‌ಇಡಿ ಸುಟ್ಟರೂ ಕತ್ತಲೆ, ವೈರು ತುಂಡಾದರೂ ಕತ್ತಲೆ, ಗಾಜಿಗೆ ಎಣ್ಣೆ ಮೆತ್ತಿದರೂ ಕತ್ತಲೆ. ಯಂತ್ರ ನಿಲ್ಲುತ್ತದೆ, ಯಾರಿಗೂ ಗಾಯವಾಗುವುದಿಲ್ಲ. ಡಿಫ್ಯೂಸ್‌ನಲ್ಲಿ ಇದು ತಲೆಕೆಳಗು. ಬೆಳಕು ಮರಳಿದರೆ ‘ಕೈ ಇದೆ’, ಮರಳದಿದ್ದರೆ ‘ಕೈ ಇಲ್ಲ’. ಅಲ್ಲಿ ವೈರು ತುಂಡಾದರೆ ಪ್ರೆಸ್ ‘ಕೈ ಇಲ್ಲ’ ಎಂದು ನಂಬಿ ಹೊಡೆಯುತ್ತದೆ. ಕಪ್ಪು ಗ್ಲೌಸ್ ಹಾಕಿದ ಕೈಯನ್ನೂ ಅದು ಕಾಣದಿರಬಹುದು. ಪೀಸ್ ಡೈಯಿಂದ ಕೆಳಗೆ ಬಿತ್ತೇ ಎಂದು ಎಣಿಸಲು ಡಿಫ್ಯೂಸ್ ಧಾರಾಳ ಸಾಕು; ಒಂದು ಎಣಿಕೆ ತಪ್ಪಿದರೆ ಹೋಗುವುದು ಒಂದು ಪೀಸ್. ಅದೇ ಸೆನ್ಸರನ್ನು ಬೆರಳಿನ ಕಾವಲಿಗೆ ಕೂರಿಸುವುದು ಉಳಿತಾಯವಲ್ಲ, ಅಪರಾಧ. ರೆಟ್ರೊ ಕೂಡ ಬೇಡ: ಇನ್ನೊಂದು ರಿಫ್ಲೆಕ್ಟರನ್ನು ಅದರ ಮೂತಿಯ ಹತ್ತಿರ ಅಂಟಿಸಿದರೆ ಅದಕ್ಕೆ ಸದಾ ಬೆಳಕೇ ಬೆಳಕು.

ಕೈ ಕಾಯಲೆಂದೇ ಮಾಡಿದ್ದು ಲೈಟ್ ಕರ್ಟನ್. ಥ್ರೂ ಬೀಮ್‌ಗಳನ್ನು ಒತ್ತೊತ್ತಾಗಿ ಜೋಡಿಸಿದ ಎರಡು ಕಂಬ. 14 ಮಿಲಿಮೀಟರ್‌ನಷ್ಟು ಸಣ್ಣ ವಸ್ತು, ಅಂದರೆ ಒಂದು ಬೆರಳು, ನಡುವೆ ಎಲ್ಲಿ ತೂರಿದರೂ ಒಂದು ಕಿರಣವಾದರೂ ಕಡಿಯಬೇಕು. ಅದರ ಸಂದೇಶ ಎರಡು ಪ್ರತ್ಯೇಕ ತಂತಿಗಳಲ್ಲಿ ಹೋಗುತ್ತದೆ, ಅದು ತನ್ನನ್ನು ತಾನೇ ಆಗಾಗ ಪರೀಕ್ಷಿಸಿಕೊಳ್ಳುತ್ತದೆ. ಆದರೂ ಆ ಕಂಬಗಳನ್ನು ಎಲ್ಲಿ ನಿಲ್ಲಿಸಬೇಕೆಂಬುದನ್ನು ನಿರ್ಧರಿಸುವುದು ಕರ್ಟನ್ ಅಲ್ಲ, ಪ್ರೆಸ್‌ನ ಬ್ರೇಕು. ಐಎಸ್‌ಒ 13855 ಎಂಬ ಅಂತರರಾಷ್ಟ್ರೀಯ ಮಾನಕ ಕಡಿಮೆ ದೂರಕ್ಕೆ ಕೈಯ ವೇಗವನ್ನು ಸೆಕೆಂಡಿಗೆ 2 ಮೀಟರ್ ಎಂದು ಹಿಡಿಯುತ್ತದೆ. ಕಿರಣ ಕಡಿದ ಕ್ಷಣದಿಂದ ರ್‍ಯಾಮ್ ಪೂರ್ತಿ ನಿಲ್ಲಲು 0.15 ಸೆಕೆಂಡು ಬೇಕಾದರೆ ಕೈ ಅಷ್ಟರಲ್ಲಿ 30 ಸೆಂಟಿಮೀಟರ್ ಸಾಗಿರುತ್ತದೆ. ಕರ್ಟನ್ ಡೈಯಿಂದ ಅಷ್ಟಾದರೂ ಆಚೆ ಇರಬೇಕು. ಬ್ರೇಕ್ ಸವೆದು ಅದು 0.25 ಸೆಕೆಂಡಾದರೆ ಬೇಕಾದ ದೂರ ಅರ್ಧ ಮೀಟರ್. ಅಗ್ಗವೆಂದು 30 ಮಿಲಿಮೀಟರ್‌ನ ಕರ್ಟನ್ ಕೊಂಡರೆ ಅದು ಬೆರಳನ್ನು ಬಿಟ್ಟು ಅಂಗೈಯನ್ನಷ್ಟೇ ಹಿಡಿಯುವುದರಿಂದ ಇನ್ನೂ ಸುಮಾರು 13 ಸೆಂಟಿಮೀಟರ್ ಸೇರಿಸಬೇಕು.

ಮಾಲೀಕರ ದೂರು ಎರಡು: ಕರ್ಟನ್ ದುಬಾರಿ, ಮತ್ತು ಸುಮ್ಮಸುಮ್ಮನೆ ಲೈನ್ ನಿಲ್ಲಿಸುತ್ತದೆ. ದುಬಾರಿ ಎಂಬುದು ನಿಜ. ಸುಮ್ಮಸುಮ್ಮನೆ ನಿಲ್ಲುತ್ತದೆ ಎಂಬುದನ್ನು ಅಷ್ಟು ಸುಲಭವಾಗಿ ಒಪ್ಪಲಾಗದು. ಗಾಜಿಗೆ ಎಣ್ಣೆ ಮೆತ್ತಿಕೊಂಡಾಗ ನಿಲ್ಲುವುದು ಅದರ ಪ್ರಾಮಾಣಿಕತೆ. ಶಿಫ್ಟಿಗೊಮ್ಮೆ ಬಟ್ಟೆಯಲ್ಲಿ ಒರೆಸಿದರೆ ಮುಗಿಯಿತು. ಕಾರ್ಮಿಕರೇ ಅದನ್ನು ಬೈಪಾಸ್ ಮಾಡುತ್ತಾರೆ ಎಂಬ ಮಾತೂ ಇದೆ. ಪೀಸಿನ ಗುರಿ ಕೊಟ್ಟು, ಲೈನ್ ನಿಂತ ಹೊತ್ತನ್ನು ಅವರ ಲೆಕ್ಕಕ್ಕೇ ಹಾಕಿದರೆ ಇನ್ನೇನು ಮಾಡಿಯಾರು? ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪವನ್ನು ಯಾರೂ ಎತ್ತುವುದಿಲ್ಲ. ಹಳೆಯ ಪ್ರೆಸ್‌ಗಳಲ್ಲಿರುವುದು ಕೀ ಕ್ಲಚ್. ಒಮ್ಮೆ ಕೀಲು ಸಿಕ್ಕಿಕೊಂಡರೆ ಕ್ರ್ಯಾಂಕು ಪೂರಾ ಒಂದು ಸುತ್ತು ಮುಗಿಸಿಯೇ ಬಿಡುವುದು. ನಡುದಾರಿಯಲ್ಲಿ ನಿಲ್ಲಿಸುವ ಉಪಾಯವೇ ಇಲ್ಲ. ಇಂಥ ಪ್ರೆಸ್‌ಗೆ ಎಷ್ಟೇ ಬೆಲೆಯ ಕರ್ಟನ್ ಕಟ್ಟಿದರೂ ಅದು ಕೈಯನ್ನು ನೋಡುತ್ತದೆ, ನೋಡುತ್ತಲೇ ಇರುತ್ತದೆ. ಅಮೆರಿಕದ ಕಾರ್ಮಿಕ ಸುರಕ್ಷಾ ನಿಯಮ ಇಂಥ ಯಂತ್ರಗಳಿಗೆ ಈ ಬಗೆಯ ಸಾಧನವನ್ನು ನಿಷೇಧಿಸಿರುವುದು ಇದಕ್ಕೇ. ಇವಕ್ಕೆ ಬೇಕಾದದ್ದು ಬೆರಳು ತೂರದ ಕಬ್ಬಿಣದ ಗಾರ್ಡ್, ಇಲ್ಲವೇ ಗಾಳಿಯ ಒತ್ತಡದಲ್ಲಿ ಕೆಲಸ ಮಾಡುವ ಹೊಸ ಕ್ಲಚ್ಚು ಬ್ರೇಕು. ಅಪಾಯದ ಭಾಗಗಳಿಗೆ ಭದ್ರವಾದ ತಡೆ ಇರಲೇಬೇಕೆಂದು 1948ರ ಕಾರ್ಖಾನೆ ಕಾಯ್ದೆಯ 21ನೇ ಸೆಕ್ಷನ್ನೂ ಹೇಳಿತ್ತು.

ಹಾಗಾಗಿ ಲೈಟ್ ಕರ್ಟನ್ ಮಾರಲು ಬಂದವರ ಹತ್ತಿರ ಬೆಲೆ ಕೇಳುವ ಮುಂಚೆ, ಪ್ರೆಸ್ ನಿಲ್ಲುವ ಸಮಯವನ್ನು ಅಳೆದು ಬರೆದುಕೊಡಿ ಎನ್ನಿ. ಅಳೆಯದೆ ಕಂಬ ನೆಡುತ್ತೇನೆ ಎನ್ನುವವರನ್ನು ಗೇಟಿನಿಂದಲೇ ವಾಪಸು ಕಳಿಸಿ.