ಹೊಸ ಗಣಕಯಂತ್ರದಲ್ಲಿ ಹಳೆಯ ತಂತ್ರಾಂಶ: ವರ್ತಕರು ಗಮನಿಸಬೇಕಾದ ಅಂಶಗಳು

ನಮ್ಮ ಕಕ್ಷಿದಾರರಾದ ಖಾಸಗಿ ನಿಯಮಿತ ಕಂಪೆನಿಯೊಂದರ ನಿರ್ದೇಶಕರು ಇತ್ತೀಚೆಗೆ ಹೊಸ ಲ್ಯಾಪ್‌ಟಾಪ್ ಖರೀದಿಸಿದರು. ಹಳೆಯ ಬಿಲ್ಲಿಂಗ್ ತಂತ್ರಾಂಶ ಅದರಲ್ಲಿ ಚೆನ್ನಾಗಿಯೇ ನಡೆಯಿತು. ಆದರೆ ಜಿ.ಎಸ್.ಟಿ. ರಿಟರ್ನ್ ಸಲ್ಲಿಸುವ ಕೊನೆಯ ದಿನ ಡಿಜಿಟಲ್ ಸಹಿಯ ಟೋಕನ್ನನ್ನು ಜೋಡಿಸಿದಾಗ ಯಂತ್ರವು ಅದನ್ನು ಗುರುತಿಸಲೇ ಇಲ್ಲ. ಮೂಲೆಗೆ ಸರಿಸಿದ್ದ ಹಳೆಯ ಗಣಕಯಂತ್ರವನ್ನು ಮತ್ತೆ ಜೋಡಿಸಿ, ರಾತ್ರಿ ಹತ್ತು ಗಂಟೆಗೆ ರಿಟರ್ನ್ ಸಲ್ಲಿಸಬೇಕಾಯಿತು.

ಇದಕ್ಕೆ ಕಾರಣ ಯಂತ್ರದ ದೋಷವಲ್ಲ, ಪ್ರೊಸೆಸರಿನ ಭಿನ್ನತೆ. ನಮ್ಮ ಬಹುತೇಕ ತಂತ್ರಾಂಶಗಳು ಇಂಟೆಲ್ ಮತ್ತು ಎಎಂಡಿ ಪ್ರೊಸೆಸರುಗಳ ಆದೇಶಗಳಿಗೆ ತಕ್ಕಂತೆ ಸಿದ್ಧವಾದವು. ಸ್ನಾಪ್‌ಡ್ರಾಗನ್ ಲ್ಯಾಪ್‌ಟಾಪ್‌ಗಳಲ್ಲಿರುವುದು ಆರ್ಮ್ ಮಾದರಿಯ ಪ್ರೊಸೆಸರ್. ಅದರ ಆದೇಶಗಳೇ ಬೇರೆ. ವಿಂಡೋಸ್ 11 ಇವೆರಡರ ನಡುವೆ ದುಭಾಷಿಯ ಕೆಲಸ ಮಾಡುತ್ತದೆ. 2024ರ ಆವೃತ್ತಿಯಲ್ಲಿ ಸೇರಿಸಲಾದ 'ಪ್ರಿಸಮ್' ಎಂಬ ವ್ಯವಸ್ಥೆಯಿಂದ ಈ ಕೆಲಸ ಮತ್ತಷ್ಟು ಸುಧಾರಿಸಿದೆ. ಆದರೆ ಯಂತ್ರಕ್ಕೆ ಜೋಡಿಸುವ ಸಾಧನಗಳನ್ನು ನಡೆಸುವ ಡ್ರೈವರ್‌ಗಳಿಗೆ ಈ ದುಭಾಷಿಯ ನೆರವು ದೊರೆಯದು. ಅವು ಆರ್ಮ್‌ಗೆಂದೇ ಸಿದ್ಧವಾಗಿರಬೇಕು. ಸಹಿಯ ಟೋಕನ್, ಹಳೆಯ ಪ್ರಿಂಟರ್, ತಂತ್ರಾಂಶದ ಯು.ಎಸ್.ಬಿ. ಬೀಗ ಇವುಗಳಲ್ಲಿ ತೊಡಕು ಬರುವುದು ಇದರಿಂದಲೇ.

ಡಾಸ್ ಕಾಲದ ಲೆಕ್ಕಪತ್ರಗಳು

ಕೆಲವು ಅಂಗಡಿಗಳಲ್ಲಿ ಡಾಸ್ ತಂತ್ರಾಂಶ ಇಂದಿಗೂ ಬಳಕೆಯಲ್ಲಿದೆ. 16 ಬಿಟ್‌ನ ಈ ತಂತ್ರಾಂಶಗಳನ್ನು 64 ಬಿಟ್‌ನ ವಿಂಡೋಸ್ ನೇರವಾಗಿ ನಡೆಸುವುದಿಲ್ಲ. ವಿಂಡೋಸ್ 10ರಲ್ಲಿ 32 ಬಿಟ್‌ನ ಆವೃತ್ತಿಯಿತ್ತು. ವಿಂಡೋಸ್ 11ರಲ್ಲಿ ಅದಿಲ್ಲ. ವಿಂಡೋಸ್ 10ರ ಸಾಮಾನ್ಯ ಬೆಂಬಲವೂ 2025ರ ಅಕ್ಟೋಬರ್ 14ರಂದು ಮುಗಿದಿದೆ. ಡಾಸ್‌ಬಾಕ್ಸ್ ಎಂಬ ಉಚಿತ ತಂತ್ರಾಂಶದ ಮೂಲಕ ಹಳೆಯ ಲೆಕ್ಕಗಳನ್ನು ತೆರೆದು ನೋಡಬಹುದು. ಆದರೆ ಅದು ಮುಖ್ಯವಾಗಿ ಹಳೆಯ ಆಟಗಳಿಗಾಗಿ ರೂಪುಗೊಂಡದ್ದರಿಂದ ನಿತ್ಯದ ವ್ಯವಹಾರಕ್ಕೆ ಅದನ್ನು ನೆಚ್ಚಿಕೊಳ್ಳುವುದು ಉಚಿತವಲ್ಲ.

ಕಾನೂನಿನ ಹೊಣೆ

ತಂತ್ರಾಂಶ ತೆರೆಯದಿದ್ದರೂ ದಾಖಲೆ ಒದಗಿಸುವ ಹೊಣೆ ತಪ್ಪುವುದಿಲ್ಲ. ಕಂಪೆನಿಗಳ ಕಾಯ್ದೆ 2013ರ 128ನೇ ಕಲಮಿನಂತೆ ಕಂಪೆನಿಗಳು 8 ಹಣಕಾಸು ವರ್ಷಗಳ ಲೆಕ್ಕಪುಸ್ತಕಗಳನ್ನು ಕಾಪಾಡಬೇಕು. ಜಿ.ಎಸ್.ಟಿ. ಕಾಯ್ದೆಯ 36ನೇ ಕಲಮಿನಂತೆ ವಾರ್ಷಿಕ ರಿಟರ್ನ್ ಸಲ್ಲಿಕೆಯ ಗಡುವಿನಿಂದ 72 ತಿಂಗಳು ದಾಖಲೆಗಳಿರಬೇಕು; ಮೇಲ್ಮನವಿ ಬಾಕಿಯಿದ್ದರೆ ಇನ್ನೂ ಹೆಚ್ಚು ಕಾಲ. ಇದಲ್ಲದೆ 2023ರ ಏಪ್ರಿಲ್ 1ರಿಂದ ಕಂಪೆನಿಗಳ ಲೆಕ್ಕ ತಂತ್ರಾಂಶದಲ್ಲಿ ಪ್ರತಿಯೊಂದು ತಿದ್ದುಪಡಿಯೂ ದಿನಾಂಕಸಹಿತ ದಾಖಲಾಗಬೇಕು. ಈ ಸೌಲಭ್ಯವಿಲ್ಲದ ಹಳೆಯ ತಂತ್ರಾಂಶವು ನಡೆದರೂ ಕಂಪೆನಿಗಳಿಗೆ ಸಲ್ಲದು.

ಆದುದರಿಂದ ಸದಸ್ಯರು ಈ ಕೆಳಗಿನ ಕ್ರಮಗಳನ್ನು ಅನುಸರಿಸುವುದು ಒಳಿತು:

1. ಖರೀದಿಗೆ ಮುನ್ನ ಪ್ರೊಸೆಸರ್ ಯಾವ ಮಾದರಿಯದೆಂದು ಕೇಳಿ, ಬಿಲ್ಲಿನಲ್ಲಿ ಬರೆಸಿಕೊಳ್ಳಿ.

2. ಟೋಕನ್, ಪ್ರಿಂಟರ್ ಹಾಗೂ ತಂತ್ರಾಂಶವನ್ನು ಅಂಗಡಿಯಲ್ಲೇ ಪರೀಕ್ಷಿಸಿ.

3. ಹಳೆಯ ಯಂತ್ರವನ್ನು ಮಾರುವ ಮೊದಲು ಲೆಡ್ಜರ್, ದಿನವಹಿ, ದಾಸ್ತಾನು ವಹಿಗಳನ್ನು ಪಿ.ಡಿ.ಎಫ್. ಮತ್ತು ಎಕ್ಸೆಲ್ ರೂಪಕ್ಕೆ ಪರಿವರ್ತಿಸಿ ಎರಡು ಕಡೆ ಇರಿಸಿ.

4. ತಂತ್ರಾಂಶ ಬದಲಾವಣೆಯನ್ನು ಏಪ್ರಿಲ್ 1ಕ್ಕೆ ಹೊಂದಿಸಿ, ಆರಂಭಿಕ ಶಿಲ್ಕುಗಳನ್ನು ಲೆಕ್ಕ ಪರಿಶೋಧಕರಿಂದ ತಾಳೆ ಮಾಡಿಸಿ.

ಹೊಸ ಯಂತ್ರದಲ್ಲಿ ಒಮ್ಮೆಯಾದರೂ ಯಶಸ್ವಿಯಾಗಿ ರಿಟರ್ನ್ ಸಲ್ಲಿಸುವವರೆಗೆ ಹಳೆಯದನ್ನು ಕೈಬಿಡಬೇಡಿರೆಂಬುದೇ ನನ್ನ ವಿನಂತಿ.