ಹಳೇ ಫ್ರೇಮಿಗೆ ಹೊಸ ಚಕ್ರ

ಹಿತ್ತಿಲ ಗೋಡೆಗೋ ಕೊಟ್ಟಿಗೆಯ ಕಂಬಕ್ಕೋ ಒರಗಿಕೊಂಡು ಧೂಳು ತಿನ್ನುತ್ತಿರುವ ಸೈಕಲ್ಲುಗಳಿಗೆ ನಮ್ಮ ಊರುಗಳಲ್ಲಿ ಬರವಿಲ್ಲ. ಅದು ಅಜ್ಜ ಸಂತೆಗೆ ತುಳಿದುಕೊಂಡು ಹೋಗುತ್ತಿದ್ದ 28 ಇಂಚಿನ ಕರಿ ಸೈಕಲ್ಲು ಇರಬಹುದು; 2006-07ರಲ್ಲಿ ರಾಜ್ಯ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡಲು ಆರಂಭಿಸಿದ ಮೇಲೆ ಅಕ್ಕನೋ ಅಣ್ಣನೋ ತುಳಿದು ಬಿಟ್ಟದ್ದೂ ಇರಬಹುದು. ಎರಡರ ಮೈಯೂ ಉಕ್ಕಿನದು, ಎರಡಕ್ಕೂ ಗೇರಿನ ರಗಳೆಯಿಲ್ಲ. ಇತ್ತ ಕಾಲೇಜು ಮೆಟ್ಟಿಲು ಹತ್ತಿದ ಮಗ ಅಂಗಡಿಯಲ್ಲಿ ಥಳಥಳಿಸುವ 21 ಗೇರಿನ ಸೈಕಲ್ಲಿನ ಮೇಲೆ ಕಣ್ಣಿಟ್ಟಿರುತ್ತಾನೆ. ಅಪ್ಪನ ಕಣ್ಣು ಅದಕ್ಕೆ ಕಟ್ಟಿದ ಬೆಲೆಚೀಟಿಯ ಮೇಲೆ. ಈ ಎಳೆದಾಟದ ನಡುವೆ ಇನ್ನೊಂದು ದಾರಿಯಿದೆ. ಹಳೆಯ ಫ್ರೇಮನ್ನು ಉಳಿಸಿಕೊಂಡು, ಬೇಕಾದ ಭಾಗಗಳನ್ನಷ್ಟೇ ಆರಿಸಿ ತಂದು, ಒಂದೇ ಗೇರಿನ ಗಟ್ಟಿ ಸೈಕಲ್ಲನ್ನು ಕಟ್ಟಿಕೊಳ್ಳುವುದು. ಆರಿಸುವುದರಲ್ಲಿ ಎಡವಿದರೆ ಮಾತ್ರ ಹಣದ ಜೊತೆ ಮೊಣಕಾಲ ಚರ್ಮವೂ ಹೋದೀತು.

ಗೇರಿಲ್ಲದ ಸೈಕಲ್ಲು ಬಡವರ ಸೈಕಲ್ಲು ಎಂಬ ಮಾತಿಗೆ ಹುರುಳಿಲ್ಲ. ಗೇರು ಬದಲಿಸುವ ಸಾಧನ ಇಲ್ಲವೆಂದರೆ ಕೆಡುವ ಭಾಗಗಳೂ ಅಷ್ಟು ಕಡಿಮೆ. ಬೆಂಗಳೂರಿನಲ್ಲಿ ಷೋಕಿಗಾಗಿಯೇ ಇಂಥ ಸೈಕಲ್ಲು ಕಟ್ಟಿಸಿಕೊಳ್ಳುವವರಿದ್ದಾರೆ.

ದಾರದ ಪರೀಕ್ಷೆ

ಎಲ್ಲಕ್ಕೂ ಮೊದಲು ಫ್ರೇಮು. ಬಣ್ಣ ಹೋಗಿದ್ದರೆ ಚಿಂತೆಯಿಲ್ಲ, ಮೇಲುಮೇಲಿನ ತುಕ್ಕಿಗೂ ಹೆದರಬೇಕಾಗಿಲ್ಲ. ನೋಡಬೇಕಾದದ್ದು ಹ್ಯಾಂಡಲ್ಲಿನ ಕೊಳವೆಗೆ ಇಳಿಜಾರು ಕೊಳವೆ ಬಂದು ಸೇರುವ ಜಾಗವನ್ನು. ಅದರ ಅಡಿಯಲ್ಲಿ ಬೆರಳಾಡಿಸಿದಾಗ ಉಬ್ಬೋ ಸುಕ್ಕೋ ಸಿಕ್ಕರೆ ಆ ಸೈಕಲ್ಲು ಯಾವುದಕ್ಕೋ ಮುಖಾಮುಖಿ ಗುದ್ದಿಕೊಂಡಿದೆ ಎಂದೇ ಅರ್ಥ. ಅಂಥದ್ದನ್ನು ಗುಜರಿಯವನಿಗೆ ತೂಕಕ್ಕೆ ಹಾಕುವುದೇ ಮೇಲು. ಸೀಟಿನ ಕಂಬ ಅಲುಗಾಡದಷ್ಟು ಕಚ್ಚಿಕೊಂಡಿದ್ದರೆ ಒಳಗೆ ತುಕ್ಕು ಹಿಡಿದಿದೆಯೆಂದು ತಿಳಿಯಬೇಕು.

ಫ್ರೇಮು ನೆಟ್ಟಗಿದೆಯೇ ಎಂದು ನೋಡಲು ವಿದ್ಯಾರ್ಥಿಯ ಬಳಿ ಇರುವ ಸ್ಕೇಲು, ಒಂದು ಉದ್ದ ದಾರ ಸಾಕು. ಚಕ್ರ ಬಿಚ್ಚಿ, ಹಿಂದಿನ ಅಚ್ಚು ಕೂರುವ ಎಡಗಡೆಯ ಸೀಳಿಗೆ ದಾರದ ತುದಿ ಕಟ್ಟಬೇಕು. ಬಿಗಿಯಾಗಿ ಎಳೆದು ಹ್ಯಾಂಡಲ್ ಕೆಳಗಿನ ಕೊಳವೆಯನ್ನು ಸುತ್ತಿಸಿ ಬಲಗಡೆಯ ಸೀಳಿಗೆ ತಂದು ಕಟ್ಟಬೇಕು. ಸೀಟಿನ ಕೊಳವೆಯಿಂದ ಎರಡೂ ಬದಿಯ ದಾರಕ್ಕಿರುವ ಅಂತರ ಒಂದೇ ಇದ್ದರೆ ಫ್ರೇಮು ಸರಿಯಿದೆ. ಒಂದೆರಡು ಮಿಲಿಮೀಟರ್ ವ್ಯತ್ಯಾಸ ಲೆಕ್ಕಕ್ಕಿಲ್ಲ. ಅದಕ್ಕಿಂತ ಸ್ವಲ್ಪ ಹೆಚ್ಚಿದ್ದರೂ ನುರಿತ ಮೆಕ್ಯಾನಿಕ್ ಉಕ್ಕನ್ನು ಮಣಿಸಿ ಸರಿಮಾಡಬಲ್ಲ. ಬಿರುಕಿಗೆ ಹಿತ್ತಾಳೆಯ ಬೆಸುಗೆಯನ್ನೂ ಹಾಕಬಹುದು. ಅಲ್ಯೂಮಿನಿಯಂ ಫ್ರೇಮಿಗೆ ಈ ಭಾಗ್ಯವಿಲ್ಲ. ಬೆಸುಗೆಯ ಕಾವಿಗೆ ಅದರ ಬಲವೇ ಕುಂದುತ್ತದೆ.

ಹಿಂದಿನ ಸೀಳು ಅಡ್ಡಕ್ಕೆ, ಅಂದರೆ ಹಿಂದೆಮುಂದೆ ಸರಿಸುವಂತೆ ಇರಲೇಬೇಕು. ಒಂದೇ ಗೇರಿನ ಸೈಕಲ್ಲಿನಲ್ಲಿ ಚೈನನ್ನು ಬಿಗಿ ಮಾಡುವುದು ಚಕ್ರವನ್ನು ಹಿಂದಕ್ಕೆ ಎಳೆದೇ. ಹಳೆಯ ಕರಿ ಸೈಕಲ್ಲುಗಳಲ್ಲಿ ಈ ಸೀಳು ತಾನಾಗಿಯೇ ಇರುತ್ತದೆ.

ಇನ್ನು ಅಳತೆ. ಅಪ್ಪನ ಸೈಕಲ್ಲಿನಲ್ಲಿ ಒಳಪೆಡಲು ಹೊಡೆದೇ ಕಲಿತ ತಲೆಮಾರಿಗೆ ದೊಡ್ಡ ಫ್ರೇಮು ದೋಷವೆಂದೇ ಅನಿಸದು. 'ಬೆಳೆಯುವ ಹುಡುಗ, ಸರಿಹೋಗುತ್ತೆ' ಎನ್ನುವ ತಂದೆತಾಯಿಗಳು ಟ್ರಾಫಿಕ್ಕನ್ನು ಲೆಕ್ಕಕ್ಕೆ ಹಿಡಿದಿರುವುದಿಲ್ಲ. ಮೇಲಿನ ಬಾರಿನ ಎರಡು ಬದಿಗೂ ಕಾಲಿಟ್ಟು ನಿಂತಾಗ ಕನಿಷ್ಠ ಒಂದು ಇಂಚು ಬಿಡುವು ಇರಬೇಕು. ಇಲ್ಲವಾದರೆ ಫ್ರೇಮು ಎಷ್ಟೇ ಚೆನ್ನಾಗಿದ್ದರೂ ಅದು ಆ ಹುಡುಗನದಲ್ಲ.

28 ಎಂದರೆ ಯಾವ 28?

ಟೈರಿನ ವಿಷಯದಲ್ಲಿ ಮೋಸ ಹೋಗುವವರೇ ಹೆಚ್ಚು. ಕರಿ ಸೈಕಲ್ಲಿನ 28 x 1½ ಇಂಚಿನ ಟೈರು ಕೂರುವ ರಿಮ್ಮಿನ ವ್ಯಾಸ 635 ಮಿ.ಮೀ. ಹೊಸ ಮಾದರಿಯ 700ಸಿ ಟೈರನ್ನೂ ಕೆಲವರು 28 ಎಂದೇ ಕರೆಯುತ್ತಾರೆ, ಅದರದು 622. 26ರಲ್ಲೂ ಇದೇ ಕಥೆ: 26 x 1⅜ಕ್ಕೆ 590, ದಪ್ಪ ಟೈರಿನ ಎಂ.ಟಿ.ಬಿ.ಗೆ 559. ಹೆಸರು ಒಂದೇ ಆದರೂ ಒಂದರ ಟೈರು ಇನ್ನೊಂದರ ರಿಮ್ಮಿಗೆ ಕೂರುವುದಿಲ್ಲ. ಟೈರಿನ ಪಕ್ಕದಲ್ಲಿ 40-635, 37-590 ಎಂಬಂಥ ಅಂಕಿಗಳನ್ನು ಅಚ್ಚು ಹಾಕಿರುತ್ತಾರೆ. ಅಂಗಡಿಗೆ ಹೋಗುವ ಮುನ್ನ ಆ ಎರಡನೆಯ ಅಂಕಿಯನ್ನು ಬರೆದುಕೊಂಡರೆ ಎರಡು ಸಲ ಓಡಾಡುವುದು ತಪ್ಪುತ್ತದೆ. ಹಬ್ಬು ಅಥವಾ ರಿಮ್ಮು ಬದಲಿಸುವುದಿದ್ದರೆ ಕಡ್ಡಿಯ ತೂತುಗಳನ್ನೂ ಎಣಿಸಬೇಕು. ಹಳೆಯ ಸೈಕಲ್ಲುಗಳಲ್ಲಿ ಮುಂದೆ 32, ಹಿಂದೆ 40 ಇರುವುದುಂಟು. ಹೊಸ ಚಕ್ರಗಳಲ್ಲಿ ಎರಡಕ್ಕೂ 36 ಸಾಮಾನ್ಯ.

ಖರ್ಚು ಮಾಡುವುದಿದ್ದರೆ ಕೈ ಬಿಗಿಹಿಡಿಯದೆ ಮಾಡಬೇಕಾದದ್ದು ಬ್ರೇಕಿಗೆ. ಹ್ಯಾಂಡಲ್ಲಿನಿಂದ ಕಂಬಿ ಎಳೆದು ರಿಮ್ಮಿನ ಒಳಮೈಗೆ ರಬ್ಬರು ಒತ್ತುವ ಹಳೆಯ ಬ್ರೇಕು ಗಟ್ಟಿಮುಟ್ಟಾದದ್ದೇನೋ ನಿಜ. ಆದರೆ ಹೊಳೆಯುವ ಉಕ್ಕಿನ ರಿಮ್ಮು ಮಳೆಯಲ್ಲಿ ನೆನೆದಾಗ ರಬ್ಬರಿಗೆ ಹಿಡಿತವೇ ಸಿಗುವುದಿಲ್ಲ. ಶೃಂಗೇರಿ, ಸಾಗರದ ಕಡೆ ಜುಲೈ ತಿಂಗಳಲ್ಲಿ ಇಳಿಜಾರು ಇಳಿದವರಿಗೆ ಇದನ್ನು ವಿವರಿಸಬೇಕಿಲ್ಲ. ಅಲ್ಯೂಮಿನಿಯಂ ರಿಮ್ಮಿಗೆ ವಯರ್ ಬ್ರೇಕು ಹಾಕಿಸಿದರೆ ಒದ್ದೆಯಲ್ಲೂ ಬೇಗ ನಿಲ್ಲುತ್ತದೆ. ಹಾಗೆಂದು ಹಳೆಯ ರಿಮ್ಮನ್ನೇ ಇಟ್ಟು ವಯರ್ ಬ್ರೇಕು ಕೂರಿಸಲು ಹೋಗಬಾರದು. ಅದರ ಪಕ್ಕಗಳು ದುಂಡಗಿರುತ್ತವೆ, ರಬ್ಬರು ಒತ್ತಲು ಚಪ್ಪಟೆ ಜಾಗವಿರುವುದಿಲ್ಲ. ಫೋರ್ಕಿನ ತಲೆಯಲ್ಲೂ ಹಿಂದಿನ ಅಡ್ಡಪಟ್ಟಿಯಲ್ಲೂ ಬ್ರೇಕಿನ ಬೋಲ್ಟಿಗೆ ತೂತಿದೆಯೇ ನೋಡಿಕೊಳ್ಳಬೇಕು. 635ರ ಜಾಗದಲ್ಲಿ 622ರ ಚಕ್ರ ಬಂದರೆ ಬ್ರೇಕಿನ ರಬ್ಬರು ಆರೂವರೆ ಮಿ.ಮೀ. ಕೆಳಗೆ ಇಳಿಯಬೇಕಾಗುತ್ತದೆ. ಅಷ್ಟು ಉದ್ದದ ತೋಳಿರುವ ಬ್ರೇಕನ್ನೇ ಕೇಳಿ ತರಬೇಕು. ಸಿನಿಮಾ ನೋಡಿ ಬ್ರೇಕೇ ಇಲ್ಲದೆ ಓಡಿಸಬೇಕೆನ್ನುವ ಹುಡುಗರ ಹಟಕ್ಕೆ ಮನೆಯವರು ಸೊಪ್ಪು ಹಾಕದಿರುವುದೇ ಕ್ಷೇಮ.

ಹಲ್ಲಿನ ಲೆಕ್ಕ

ಗೇರು ಒಂದೇ ಆದ್ದರಿಂದ ಅದು ಯಾವುದಿರಬೇಕೆಂದು ಮೊದಲೇ ನಿರ್ಧರಿಸಬೇಕು. ಇಲ್ಲಿ ಹೈಸ್ಕೂಲಿನ ಗಣಿತ ಕೆಲಸಕ್ಕೆ ಬರುತ್ತದೆ. ಮುಂದಿನ ಚೈನ್‌ವೀಲಿಗೆ 44 ಹಲ್ಲು, ಹಿಂದಿನ ಫ್ರೀವೀಲಿಗೆ 18 ಇದ್ದರೆ, ಪೆಡಲು ಒಂದು ಸುತ್ತು ಬರುವಷ್ಟರಲ್ಲಿ ಚಕ್ರ 44 ಭಾಗಿಸು 18, ಅಂದರೆ ಸುಮಾರು 2.44 ಸುತ್ತು ತಿರುಗುತ್ತದೆ. 28 x 1½ ಟೈರಿನ ಸುತ್ತಳತೆ ಹತ್ತಿರ ಹತ್ತಿರ 2.25 ಮೀಟರ್. ಗುಣಿಸಿದರೆ ಒಂದು ತುಳಿತಕ್ಕೆ ಐದೂವರೆ ಮೀಟರ್. ನಿಮಿಷಕ್ಕೆ 60 ಸುತ್ತು ತುಳಿದರೆ ಗಂಟೆಗೆ ಸುಮಾರು 20 ಕಿ.ಮೀ. ರಾಯಚೂರಿನಂಥ ಬಯಲು ನಾಡಿಗೆ ಇದು ಹೇಳಿ ಮಾಡಿಸಿದ್ದು. ಮಂಗಳೂರು, ಮಡಿಕೇರಿಯ ಏರಿಗೆ, ಅದೂ ಬೆನ್ನ ಮೇಲೆ ಪುಸ್ತಕದ ಹೊರೆಯಿಟ್ಟುಕೊಂಡು, ಇದು ಮೊಣಕಾಲಿಗೆ ಭಾರ. ಹಿಂದೆ 20 ಹಲ್ಲಿನ ಫ್ರೀವೀಲು ಹಾಕಿಸಿದರೆ ಒಂದು ತುಳಿತದ ದೂರ ಐದು ಮೀಟರಿಗೆ ಇಳಿಯುತ್ತದೆ, ಏರು ಹಗುರಾಗುತ್ತದೆ. 16 ಹಾಕಿಸಿ ವೇಗದ ಆಸೆ ತೀರಿಸಿಕೊಂಡವರು ಮೊದಲ ಏರಿನಲ್ಲೇ ಇಳಿದು ತಳ್ಳುತ್ತಾರೆ.

ಚೈನು ಅರ್ಧ ಇಂಚು x ⅛ ಇಂಚಿನದಾಗಿರಬೇಕು. ಗೇರ್ ಸೈಕಲ್ಲಿನ ಚೈನು ಇದಕ್ಕಿಂತ ಕಿರಿದು, ದಪ್ಪ ಹಲ್ಲಿನ ಮೇಲೆ ಕೂರುವುದಿಲ್ಲ. ಹಳೆಯ ಚೈನು ಉಳಿಸಬಹುದೇ ಎಂಬುದಕ್ಕೆ ಮತ್ತೆ ಸ್ಕೇಲೇ ಸಾಕ್ಷಿ. ಹೊಸ ಚೈನಿನಲ್ಲಿ ಪಿನ್ನಿನಿಂದ ಎಣಿಸಿ 24ನೆಯ ಪಿನ್ನಿಗೆ ಸರಿಯಾಗಿ 12 ಇಂಚು. ಅದಕ್ಕಿಂತ 1/16 ಇಂಚು ಹೆಚ್ಚಾಗಿದ್ದರೆ ಚೈನು ಬದಲಿಸಬೇಕು. ⅛ ಇಂಚು ಹೆಚ್ಚಾಗಿದ್ದರೆ ಹಲ್ಲುಗಳೂ ಸವೆದಿರುತ್ತವೆ, ಫ್ರೀವೀಲನ್ನೂ ಬದಲಿಸಬೇಕಾಗುತ್ತದೆ. ಮುಂದಿನ ಹಲ್ಲು, ಹಿಂದಿನ ಹಲ್ಲು ಒಂದೇ ನೇರದಲ್ಲಿರಬೇಕು. ಜೋಡಿಸಿದ ಮೇಲೆ ಚೈನಿನ ನಡುಭಾಗ ಬೆರಳಿಗೆ ಅರ್ಧ ಇಂಚು ಆಡಿದರೆ ಸರಿ.

ಸೀಟು, ಬೆಲ್ಲು, ಕ್ಯಾರಿಯರು ಅವರವರ ಇಷ್ಟ, ಅವರವರ ಜೇಬು. ಸಂಜೆ ಟ್ಯೂಷನ್ ಮುಗಿಸಿ ಬರುವವರಿಗೆ ಹಿಂದೆ ಕೆಂಪು ರಿಫ್ಲೆಕ್ಟರು, ಮುಂದೆ ದೀಪ ಮಾತ್ರ ಇಷ್ಟದ ಮಾತಲ್ಲ. ಬಣ್ಣ ಕೊನೆಗೆ, ದುಡ್ಡು ಉಳಿದರೆ.

ಜೋಡಿಸುವಾಗ ಎಡ ಪೆಡಲಿನ ಮರೆ ಉಲ್ಟಾ ಎಂಬುದು ನೆನಪಿರಬೇಕು. ಬಲವಂತವಾಗಿ ಎಲ್ಲವನ್ನೂ ಒಂದೇ ಕಡೆಗೆ ತಿರುಗಿಸಿದರೆ ಕ್ರ್ಯಾಂಕೇ ಹಾಳು. ಕಾಟರ್ ಪಿನ್ನಿನ ಹಳೆಯ ಕ್ರ್ಯಾಂಕನ್ನೇ ಉಳಿಸಿಕೊಂಡಿದ್ದರೆ ಪಿನ್ನು ಎರಡನ್ನೂ ಹೊಸದಾಗಿ ಹಾಕುವುದು ಲೇಸು. ಒಂದನ್ನು ಒಂದು ದಿಕ್ಕಿನಿಂದ, ಇನ್ನೊಂದನ್ನು ಅದಕ್ಕೆ ಎದುರು ದಿಕ್ಕಿನಿಂದ ಹೊಡೆಯದಿದ್ದರೆ ಪೆಡಲುಗಳು ಒಂದೇ ಗೆರೆಗೆ ಬರುವುದಿಲ್ಲ. ಮೊದಲ ವಾರ ತುಳಿದ ಮೇಲೆ ಪಿನ್ನು ಸ್ವಲ್ಪ ಒಳಗಿಳಿದು ನಟ್ಟು ಸಡಿಲಾಗುತ್ತದೆ. ಕಟಕಟ ಸದ್ದು ಶುರುವಾಗುವ ಮೊದಲೇ ಸ್ಪ್ಯಾನರು ಹಿಡಿದು ಅದನ್ನೊಮ್ಮೆ ಬಿಗಿ ಮಾಡಬೇಕು.