ಕೇಣಿಯ ಬಂಡೆಗಳಿಗೊಂದು ಹಾಜರಿ ಪಟ್ಟಿ

ಬಂದರಿನ ಲೆಕ್ಕಾಚಾರ ಕೋಟಿಗಳಲ್ಲಿ ನಡೆದಿದೆ. ಅದೇ ದಡದಲ್ಲಿ ಬದುಕಿರುವ, ಬೆರಳುದ್ದವೂ ಇಲ್ಲದ ಸೀ ಸ್ಲಗ್‌ಗಳ ಲೆಕ್ಕವೂ ಈಗಲೇ ಆಗಬೇಕು.

ಅಂಕೋಲಾ ತಾಲ್ಲೂಕಿನ ಕೇಣಿ ಈಚೆಗೆ ಸುದ್ದಿಯಲ್ಲಿರುವುದು ಬಂದರಿನಿಂದಾಗಿ. 2023ರಲ್ಲಿ ಜೆಎಸ್‌ಡಬ್ಲ್ಯು ಇನ್‌ಫ್ರಾಸ್ಟ್ರಕ್ಚರ್ ಪಾಲಾದ ಈ ಯೋಜನೆಯ ಅಂದಾಜು ವೆಚ್ಚ 4,119 ಕೋಟಿ ರೂಪಾಯಿ. ಆರಂಭಿಕ ಸಾಮರ್ಥ್ಯ ವರ್ಷಕ್ಕೆ 3 ಕೋಟಿ ಟನ್. ಮೀನುಗಾರರು ಬೀದಿಗಿಳಿದು ವಿರೋಧಿಸಿದ್ದಾರೆ. ಮೀನಿನ ಪರವಾಗಿ ಮಾತಾಡಲು ಅವರಿದ್ದಾರೆ. ಮಾರುಕಟ್ಟೆಯ ಮುಖ ಕಾಣದ ಜೀವಿಗಳ ಪರವಾಗಿ ಮಾತಾಡಬೇಕಾದದ್ದು ದಾಖಲೆ.

ಸೀ ಸ್ಲಗ್ ಎಂದರೆ ಚಿಪ್ಪನ್ನು ಪೂರ್ತಿ ಬಿಟ್ಟುಕೊಟ್ಟ, ಇಲ್ಲವೇ ಮೈಯೊಳಗೆ ತೆಳ್ಳಗೆ ಉಳಿಸಿಕೊಂಡ ಕಡಲ ಬಸವನಹುಳು. ತಲೆಯ ಮೇಲಿನ ಎರಡು ಕೊಂಬುಗಳಿಂದ ನೀರಿನ ವಾಸನೆ ಹಿಡಿಯುತ್ತದೆ. ಡೋರಿಡ್ ಎಂಬ ಗುಂಪಿನ ಹಲವು ಜಾತಿಗಳಲ್ಲಿ ಕಿವಿರು ಬೆನ್ನಿನ ಹಿಂಬದಿಯಲ್ಲಿ ಹೂವಿನ ಕುಚ್ಚಿನಂತೆ ಅರಳಿರುತ್ತದೆ. ಮುಟ್ಟಿದರೆ ಸರಕ್ಕನೆ ಒಳಗೆ ಹೋಗುತ್ತದೆ.

ಚಿಪ್ಪು ಹೋದ ಮೇಲೆ ಜೀವ ಉಳಿಸಿಕೊಳ್ಳಲು ಬೇರೆ ದಾರಿ ಬೇಕಲ್ಲ? ಇಯೋಲಿಡ್ ಎಂಬ ಗುಂಪಿನವು ಹೈಡ್ರಾಯ್ಡ್ ಎಂಬ ಕುಟುಕುವ ಜೀವಿಗಳನ್ನು ತಿಂದು, ಅವುಗಳ ಕುಟುಕು ಕೋಶಗಳನ್ನು ಸಿಡಿಯಗೊಡದೆ ಬೆನ್ನಿನ ಎಳೆಗಳ ತುದಿಗೆ ಸಾಗಿಸಿಟ್ಟುಕೊಳ್ಳುತ್ತವೆ. ಸ್ಪಂಜು ತಿನ್ನುವ ಡೋರಿಡ್‌ಗಳಲ್ಲಿ ಹಲವು ಅದರ ಕಹಿ ರಾಸಾಯನಿಕಗಳನ್ನೇ ಮೈಗೂಡಿಸಿಕೊಳ್ಳುತ್ತವೆ. ಎಲಿಸಿಯಾ ಕುಲದವು ಪಾಚಿಯ ರಸ ಹೀರಿ, ಅದರ ಕ್ಲೋರೋಪ್ಲಾಸ್ಟ್‌ಗಳನ್ನು ಒಳಗಿಟ್ಟುಕೊಂಡು ತಾವೂ ಹಸಿರಾಗುತ್ತವೆ. ಊಟದ ವಿಷಯದಲ್ಲಿ ಬಹುಪಾಲು ಸ್ಲಗ್‌ಗಳು ಬಲು ಹಟಮಾರಿ: ಹಸಿದರೂ ಬೇರೊಂದಕ್ಕೆ ಬಾಯಿ ಹಾಕುವುದಿಲ್ಲ. ಹಾಗಾಗಿ ಒಂದು ಬಂಡೆಯಲ್ಲಿ ಐದು ಬಗೆಯ ಸ್ಲಗ್ ನೆಲೆಸಿವೆ ಎಂದರೆ ಅವುಗಳ ಸ್ಪಂಜು, ಹೈಡ್ರಾಯ್ಡ್, ಪಾಚಿಗಳೂ ಅಲ್ಲಿ ಕ್ಷೇಮ ಎಂದೇ ಅರ್ಥ.

ಕಿತ್ತೂರಿನ ಸೆರೆಯಾಳು

ಭಾರತದ ಸ್ಲಗ್‌ಗಳನ್ನು ಮೊದಮೊದಲು ಕಲೆಹಾಕಿದವರಲ್ಲಿ ಒಬ್ಬ ಕನ್ನಡ ನಾಡಿಗೆ ಅಪರಿಚಿತನಲ್ಲ. 1824ರಲ್ಲಿ ಕಲೆಕ್ಟರ್ ಥ್ಯಾಕರೆ ಕಿತ್ತೂರಿನಲ್ಲಿ ಹತನಾದಾಗ ಚೆನ್ನಮ್ಮನ ಕಡೆಯವರಿಗೆ ಸೆರೆಸಿಕ್ಕ ಬ್ರಿಟಿಷ್ ಅಧಿಕಾರಿಗಳಲ್ಲಿ ವಾಲ್ಟರ್ ಎಲಿಯಟ್ ಒಬ್ಬ. ಕನ್ನಡ ಶಾಸನಗಳ ಪ್ರತಿ ಮಾಡಿಸಿದವನೂ ಇವನೇ. ಮುಂದೆ ಪೂರ್ವ ಕರಾವಳಿಯಲ್ಲಿ ಅಧಿಕಾರಿಯಾಗಿದ್ದಾಗ ಇವನು ಸಂಗ್ರಹಿಸಿದ ಸೀ ಸ್ಲಗ್‌ಗಳನ್ನು ಜೋಶುವಾ ಆಲ್ಡರ್ ಮತ್ತು ಆಲ್ಬನಿ ಹ್ಯಾಂಕಾಕ್ 1864ರಲ್ಲಿ ವಿವರಿಸಿದರು. ಕಲಿಂಗಾ ಆರ್ನೇಟಾ ಎಂಬ ಹೆಸರು ಆಗ ಬಂದದ್ದು.

ಆಮೇಲಿನ ಹುಡುಕಾಟ ಹೆಚ್ಚಾಗಿ ಹವಳದ ಕಡೆ ಹೊರಳಿತು. ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ದೀಪಕ್ ಆಪ್ಟೆ 2009ರಲ್ಲಿ ಲಕ್ಷದ್ವೀಪದಿಂದಲೇ ಭಾರತಕ್ಕೆ 40 ಹೊಸ ದಾಖಲೆ ಸೇರಿಸಿದರು. 2020ರಲ್ಲಿ ಪಶ್ಚಿಮ ಭಾರತದ ಕರಾವಳಿಯಿಂದ ಕ್ರೇಟೆನಾ ಕುಲದ ಎರಡು ಹೊಸ ಪ್ರಭೇದಗಳು ಪ್ರಕಟವಾದವು. ಹುಡುಕಿದ ಕಡೆಯೆಲ್ಲ ಸಿಗುವ ಜೀವಿ ಇದು. ಕಾರವಾರ–ಅಂಕೋಲಾದ ಬಂಡೆಗಳಿಗೆ ಅಂಥ ಹುಡುಕಾಟದ ಪಾಲು ಕಡಿಮೆ ಸಿಕ್ಕಿದೆ.

ಇಳಿತ ನೋಡಿಕೊಂಡು ಕೆಲಸ

ಸಮೀಕ್ಷೆಗೆ ಹಡಗು ಬೇಕಿಲ್ಲ. ಉಬ್ಬರ–ಇಳಿತದ ಪಟ್ಟಿ ಬೇಕು. ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸಿನಲ್ಲಿ ನೀರು ಹೆಚ್ಚು ಹಿಂದೆ ಸರಿದಾಗ ಬಂಡೆ ಸಂದಿ, ಹೊಂಡ, ಕಲ್ಲಿನ ಅಡಿಮೈ ತಡಕಬೇಕು. ಮಗುಚಿದ ಕಲ್ಲನ್ನು ಇದ್ದ ಹಾಗೆಯೇ ಮತ್ತೆ ಮಲಗಿಸಬೇಕು. ಇಲ್ಲವಾದರೆ ಅಡಿಗೆ ಅಂಟಿದ ಸ್ಪಂಜು ಬಿಸಿಲಿಗೆ ಸಾಯುತ್ತದೆ. ಅಳತೆಪಟ್ಟಿಯೊಂದಿಗೆ ಫೋಟೊ, ಕುಳಿತಿದ್ದ ಜಾಗ, ತಿನ್ನುತ್ತಿದ್ದ ಆಹಾರ, ಇಟ್ಟ ಮೊಟ್ಟೆ, ಎಲ್ಲವನ್ನೂ ಬರೆದುಕೊಳ್ಳಬೇಕು.

ಕಣ್ಣಿಗೆ ಬೀಳದವುಗಳಿಗೆ ಹಳೆಯ ಉಪಾಯವೊಂದಿದೆ. ಒಂದು ಹಿಡಿ ಪಾಚಿಯನ್ನು ಕಡಲ ನೀರಿನ ಬಿಳಿ ತಟ್ಟೆಯಲ್ಲಿಟ್ಟು ಸುಮ್ಮನೆ ಕಾಯುವುದು. ನೀರಿನಲ್ಲಿ ಆಮ್ಲಜನಕ ಕಡಿಮೆಯಾಗುತ್ತಿದ್ದಂತೆ ಅಕ್ಕಿಕಾಳಿಗಿಂತ ಚಿಕ್ಕ ಸ್ಲಗ್‌ಗಳು ಪಾಚಿ ಬಿಟ್ಟು ತಟ್ಟೆಯ ಅಂಚಿಗೆ ತೆವಳಿ ಬರುತ್ತವೆ. ಫೋಟೊದಲ್ಲಿ ಒಂದೇ ಥರ ಕಾಣುವ ಎರಡು ಜಾತಿಗಳನ್ನು ಬೇರ್ಪಡಿಸಲು ಹಲ್ಲುಪಟ್ಟಿ, ಜನನಾಂಗದ ರಚನೆ, ಡಿಎನ್‌ಎ ನೋಡಲೇಬೇಕು.

ಒಂದು ಸಲ ಹೋಗಿ ಬಂದರೆ ಸಾಲದು. ಮಳೆಗಾಲದಲ್ಲಿ ಕಾಳಿ, ಗಂಗಾವಳಿ ನದಿಗಳ ಸಿಹಿನೀರು, ಕೆಸರು ಕಡಲಿಗಿಳಿದು ತೀರದ ಉಪ್ಪಿನಂಶವನ್ನೇ ಬದಲಿಸುತ್ತವೆ. ಅನೇಕ ಸ್ಲಗ್‌ಗಳ ಆಯುಸ್ಸು ವರ್ಷಕ್ಕಿಂತಲೂ ಕಡಿಮೆ. ನವೆಂಬರಿನಲ್ಲಿ ಕಂಡದ್ದು ಏಪ್ರಿಲ್‌ನಲ್ಲಿ ಕಾಣಬೇಕೆಂದಿಲ್ಲ. ಒಂದೇ ಋತುವಿನ ಸಮೀಕ್ಷೆಯನ್ನು ಹಿಡಿದು ‘ಇಲ್ಲಿ ಇಷ್ಟೇ ಇವೆ’ ಎನ್ನುವಂತಿಲ್ಲ.

ಎಣಿಕೆಯಲ್ಲ, ಹೆಸರು

ಹೂಳೆತ್ತುವಾಗ ಎದ್ದ ಕೆಸರು, ನೀರು ಸೋಸಿ ಬದುಕುವ ಸ್ಪಂಜುಗಳ ರಂಧ್ರ ಮುಚ್ಚುತ್ತದೆ. ಸ್ಪಂಜು ಹೋದರೆ ಅದನ್ನೇ ನೆಚ್ಚಿದ ಸ್ಲಗ್ ಹೋಗುತ್ತದೆ. ಆದರೆ ಬಂದರಿನಿಂದ ಸ್ಲಗ್‌ಗಳ ಸಂಖ್ಯೆ ಏರಲೂಬಹುದು. ಅಲೆತಡೆ ಗೋಡೆ, ಜೆಟ್ಟಿಯ ಕಂಬಗಳೆಲ್ಲ ಹೈಡ್ರಾಯ್ಡ್‌ಗಳಿಗೆ ಹೊಸ ಮನೆ. ಹಡಗಿನ ತಳಕ್ಕೆ ಅಂಟಿಕೊಂಡು, ನಿಲುಭಾರದ ನೀರಿನಲ್ಲಿ ತೇಲಿಕೊಂಡು ದೂರದ ಜೀವಿಗಳೂ ಬರುತ್ತವೆ. ಆಗ ‘ಜೀವವೈವಿಧ್ಯ ಹೆಚ್ಚಿದೆ’ ಎಂದು ವರದಿ ಬರೆಯುವುದು ಸುಲಭ. ಮೂಲನಿವಾಸಿ ಯಾರು, ವಲಸೆ ಬಂದವರು ಯಾರು ಎಂದು ಹೇಳಲು ಮೊದಲೇ ಬರೆದಿಟ್ಟ ಹೆಸರುಗಳು ಬೇಕು.

ಇದಕ್ಕೆ ಬೇಕಾದವರು ದೂರದಲ್ಲೇನೂ ಇಲ್ಲ. ಕಾರವಾರದ ಕೋಡಿಬಾಗದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಕಡಲಜೀವಶಾಸ್ತ್ರ ವಿಭಾಗವಿದೆ. ಕೇಂದ್ರೀಯ ಕಡಲ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ಕೇಂದ್ರವೂ ಅದೇ ಊರಿನಲ್ಲಿದೆ. ಇಳಿತದ ಹೊತ್ತಿಗೆ ಬಳಚು, ನೀಲಿಕಲ್ಲು ಆರಿಸುವವರಿಗೆ ದಡದ ಒಂದೊಂದು ಸಂದಿಯೂ ಗೊತ್ತು. ಅವರ ಕೈಯಲ್ಲಿ ಮೊಬೈಲ್ ಕ್ಯಾಮೆರಾ ಇದೆ. ದಿನಾಂಕ, ಜಾಗ ಸಮೇತ ಅವರು ತೆಗೆದ ಫೋಟೊ ಸಂಶೋಧಕರ ಮೇಜು ತಲುಪುವ ವ್ಯವಸ್ಥೆಯಾದರೆ, ಎರಡು ವರ್ಷದ ಪಟ್ಟಿಗೆ ತಗಲುವ ಖರ್ಚು ಬಂದರಿನ ಅಂದಾಜುಪತ್ರದಲ್ಲಿ ಒಂದು ಸಾಲಿಗೂ ಸಾಲದು. ಅಲೆತಡೆಗೆ ಮೊದಲ ಕಲ್ಲು ಬಿದ್ದ ಮೇಲೆ ಎಷ್ಟು ಕೋಟಿ ಕೊಟ್ಟರೂ ಆ ಪಟ್ಟಿ ಸಿಗುವುದಿಲ್ಲ.